ಹಚ್ಚೆಗೆ ಹದಿನೈದು ಕೂಡಿಸಿ

“ಗೋಂದಣ ಅಂದ್ರು. ಹದಿನೈದು ಕೂಡಸ್ರಿ ಅಂದ್ರು. ಅಷ್ಟ ನನ್ನ ಕಿವಿಗಿ ಬಿದ್ದದ್ದು, ಅಕ್ಕಾರ.”

ಗಾಜಿನ ಆಚೆ ಕುಳಿತ ಜೈಭೀಮ ಫೋನಿನ ರಿಸೀವರನ್ನು ಎರಡೂ ಕೈಯಿಂದ ಹಿಡಿದಿದ್ದ. ಈಚೆ ಪತ್ತೇದಾರಿಣಿ ರಂಜನಾ ಹಾವನೂರ. ಅವಳ ಪಕ್ಕದಲ್ಲಿ, ಸೆರಗನ್ನು ಹುಬ್ಬಿನ ತನಕ ಎಳೆದುಕೊಂಡ ಅವನ ಚಿಗವ್ವ ಕಲ್ಲವ್ವ. “ನಮ್ಮಕ್ಕನ ಮಗ ಖೂನಿ ಮಾಡೂವಂಥವ ಅಲ್ರೀ” ಎಂದು ರಂಜನಾಳ ಆಫೀಸಿನ ಹೊಸ್ತಿಲಲ್ಲೇ ಕುಳಿತು, ಕೇಸು ಹಿಡಿಯುವ ತನಕ ಏಳದೇ ಇದ್ದವಳು ಇವಳೇ.

ಜೈಭೀಮ ಯೆರವಡಾ ಜೈಲಿಗೆ ಬಂದದ್ದು ಹೆತ್ತ ತಾಯಿಯನ್ನು ಕೊಂದ ಆರೋಪದ ಮೇಲೆ. ಆಸ್ಪತ್ರೆಯಲ್ಲಿ ಅವನದು ಪಂಪ್ ನಡೆಸುವ ಕೆಲಸ. ಹೃದಯ ನಿಲ್ಲಿಸಿ ಕೊಯ್ಯುವ ಹೊತ್ತಿನಲ್ಲಿ ಮೈತುಂಬ ರಕ್ತ ತಿರುಗಿಸುವ ಪಂಪ್. ಟೇಬಲ್ಲಿನ ಮೇಲೆ ಅವನ ತಾಯಿ ಯಮನವ್ವ ಮಲಗಿದ್ದಾಗಲೇ ಪಂಪಿನ ವೇಗ ಇಳಿದಿತ್ತು, ಮಿದುಳಿಗೆ ರಕ್ತ ಸಾಲದೆ ಅವಳು ಸತ್ತಳು. ಬೇಕಂತಲೇ ಇಳಿಸಿದ ಎಂದು ಆಸ್ಪತ್ರೆಯವರ ಹೇಳಿಕೆ. ಮದುವೆ ವಿಷಯಕ್ಕೆ ತಾಯಿ ಮಗನಿಗೆ ಜಗಳವಿತ್ತು ಎಂದೂ ಸೇರಿಸಿದ್ದರು. ನಾಳೆ ಜಾಮೀನಿನ ವಿಚಾರಣೆ.

“ಇಳಿಸು ಅಂದದ್ದು ಸರ್ಜನ್ ಸಾಹೇಬ್ರರೀ,” ಎಂದ ಜೈಭೀಮ. “ಹೊಲಿಗಿ ಹಾಕೂ ಮುಂದ ಯಾವಾಗಲೂ ಇಳಸ್ತೀವಿ. ತಲಿಗಿ ಸಾಲವಲ್ದು ಅಂದ್ರ ಮತ್ತ ಏರಸ್ತೀವಿ.”

“ಸಾಲವಲ್ದು ಅಂತ ಹೆಂಗ ಗೊತ್ತಾಗ್ತದ?”

“ಹಣಿ ಮ್ಯಾಲ ಸೆನ್ಸರ್ ಅಂಟಸಿರ್ತಾರಲ್ರೀ. ಬೆಳಕು ಒಳಗ ಹೋಗಿ ಮಿದುಳಿನ್ಯಾಗ ಆಕ್ಸಿಜನ್ ಎಷ್ಟದ ಅಂತ ನಂಬರ್ ತೋರಸ್ತದ. ಅವತ್ತ ಎರಡು ಮಷೀನ್ ಇದ್ವು. ಎಡಕ್ಕ ಹಳೇ ಫಾರಿನ್ ಮಷೀನ್. ಬಲಕ್ಕ ಹೊಸಾ ಪ್ರಾಣಮಿತ್ರ. ಎರಡೂ ಒಂದ ನಂಬರ್ ಕೊಡ್ತಾವೋ ಇಲ್ಲೋ ಅಂತ ಟ್ರಯಲ್ ನಡದಿತ್ತು.”

“ಎಷ್ಟೆಷ್ಟು ತೋರಿಸಿದ್ವು?”

“ಎಡಕ್ಕ ನಲವತ್ತೊಂದು. ಬಲಕ್ಕ ಐವತ್ತಾರು.”

ರಂಜನಾಗೆ ಈಗ ಲೆಕ್ಕ ಹತ್ತಿತು. ಹಚ್ಚೆಗೆ ಮರಾಠಿಯಲ್ಲಿ ಗೋಂದಣ ಎನ್ನುತ್ತಾರೆ. ಹಣೆಯ ಮೇಲೆ ಹಚ್ಚೆಯ ಮಸಿ ಇದ್ದರೆ ಬೆಳಕು ಅಲ್ಲೇ ಹೀರಿಹೋಗಿ ಹಳೇ ಯಂತ್ರ ಕಡಿಮೆ ತೋರಿಸುತ್ತದೆ ಎಂಬುದು ಆ ಆಪರೇಷನ್ ಥಿಯೇಟರಿನ ನಂಬಿಕೆ. ಹಾಗಾಗಿ ಹಚ್ಚೆಯ ಹೆಂಗಸು ಟೇಬಲ್ಲಿಗೆ ಬಂದರೆ ಹದಿನೈದು ಕೂಡಿಸಿಕೊಂಡು ಓದುವುದು ರೂಢಿ. ನಲವತ್ತೊಂದಕ್ಕೆ ಹದಿನೈದು ಕೂಡಿಸಿದರೆ ಐವತ್ತಾರು. ಎರಡೂ ಒಂದೇ. ಟ್ರಯಲ್ ಪಾಸಾಯಿತು.

ಯಮನವ್ವ ಮಾತ್ರ ಏಳಲಿಲ್ಲ.

“ಕೂಡಸ್ರಿ ಅಂದದ್ದು ಯಾರು?”

“ಪ್ರಾಣಮಿತ್ರ ಕಂಪನಿ ಸಾಹೇಬ್ರು. ರೋಹಿತ ಬಾಳಿಕಾಯಿ. ಮಾಸ್ಕ್ ಹಾಕ್ಕೊಂಡಿದ್ರೂ ದನಿ ಗೊತ್ತಾಗ್ತದಲ್ರೀ.”

“ಮತ್ತ ನೀ?”

“ಪಂಪ್ ಏರಸ್ಲೇನ್ರೀ ಅಂತ ಕೇಳ್ದೆ. ಬ್ಯಾಡ ಅಂದ್ರು.”

“ಇನ್ನೊಮ್ಮೆ ಕೇಳ್ಲಿಲ್ಲ?”

ಜೈಭೀಮ ಗಾಜಿನ ಮೂಲಕ ಕಲ್ಲವ್ವನನ್ನು ನೋಡಿದ. ತಲೆ ತಗ್ಗಿಸಿದ. ರಂಜನಾ ರಿಸೀವರನ್ನು ಆಕೆಗೆ ಕೊಟ್ಟಳು.

“ಚಿಗವ್ವಾ... ಉಂಡೀ?”

“ಉಂಡೇನಪಾ. ನೀ?”

ಅವನು ಭುಜ ಕುಣಿಯುವಂತೆ ಅಳತೊಡಗಿದ. ಹಿಂದಿನ ಸಾಲಿನಲ್ಲಿ ಯಾರನ್ನೋ ನೋಡಲು ಬಂದು ನಿಂತಿದ್ದ ಹೆಂಗಸೊಬ್ಬಳು ಮಗ್ಗುಲಿನವಳಿಗೆ ಕೇಳುವಂತೆಯೇ ಅಂದಳು: “ಆಯೀಲಾ ಖಾಲ್ಲಂ, ಆತಾ ಮಾವಶೀಪುಢೇ ರಡತೋಯ.” ತಾಯಿಯನ್ನು ತಿಂದು, ಈಗ ಚಿಕ್ಕಮ್ಮನ ಎದುರು ಅಳುತ್ತಾನಂತೆ.

ಕಲ್ಲವ್ವನಿಗೆ ಮರಾಠಿ ಚೆನ್ನಾಗಿಯೇ ಬರುತ್ತಿತ್ತು. ಆಕೆ ತಿರುಗಿ ನೋಡಲಿಲ್ಲ.

ಹೊರಗೆ ಬಂದು ರಿಕ್ಷಾ ಹತ್ತಿದ ಮೇಲೆ ರಂಜನಾ ಕೇಳಿದಳು, “ಕಲ್ಲವ್ವ, ನಿಮ್ಮಕ್ಕನ ಹಣಿ ಮ್ಯಾಲಿನ ಹಚ್ಚಿ ಎಷ್ಟು ದೊಡ್ಡದಿತ್ತು?”

“ಆಕಿಗೆಲ್ಲಿ ಹಚ್ಚೀರಿ?” ಕಲ್ಲವ್ವನ ಮುಖದಲ್ಲಿ ಮೊದಲ ಸಲ ನಗುವಿನಂಥದ್ದು ಕಂಡಿತು. “ಹಚ್ಚಿ ಹೊಯ್ಯಾಕಿ ಓಣಿಗಿ ಬಂದ್ಲಂದ್ರ ಜ್ವಾಳದ ಚೀಲದ ಹಿಂದ ಅಡಗಿ ಕುಂದರಾಕಿ. ಅವ್ವ ಕೂದಲ ಹಿಡದ ಎಳಕೊಂಡ ಬಂದ್ರ ಕಚ್ಚಿ ಓಡಿ ಹೋದ್ಲು. ಕಡೀತನಕಾ ಬರೇ ಹಣೀನ. ಬೋಳಹಣಿ ಬೋಳಹಣಿ ಅಂತ ಎಲ್ಲಾರೂ ಕಾಡತಿದ್ವಿ...”

ನಗು ತಟ್ಟನೆ ನಿಂತಿತು. ಆಕೆ ಹೊರಗೆ ನೋಡುತ್ತ ಕುಳಿತುಬಿಟ್ಟಳು.

ರಂಜನಾ ನೆಟ್ಟಗೆ ಕುಳಿತಳು. ಹಣೆಯಲ್ಲಿ ಹಚ್ಚೆಯೇ ಇರಲಿಲ್ಲ! ಹಾಗಾದರೆ ಹಳೇ ಯಂತ್ರ ಹೇಳಿದ ನಲವತ್ತೊಂದೇ ನಿಜ. ಹದಿನೈದು ಕೂಡಿಸಿದವನೇ ಕೊಂದವನು.

“ಏ ದಾದಾ,” ಎಂದಳು ರಿಕ್ಷಾದವನಿಗೆ, “ವಿಮಾನ ನಗರ್ ಚಲಾ.”

*

“ಬರ್ರಿ ಬರ್ರಿ! ಕನ್ನಡದವ್ರು ಅಂದ್ರ ಮನಿಯವ್ರು ಬಂದಂಗ!”

ವಿಮಾನ ನಗರದ ಗಾಜಿನ ಕಟ್ಟಡದ ಐದನೇ ಮಹಡಿಯಲ್ಲಿ, ಪ್ರಾಣಮಿತ್ರ ಕಂಪನಿಯ ಆಫೀಸಿನಲ್ಲಿ, ರೋಹಿತ ಬಾಳಿಕಾಯಿ ಎರಡೂ ಕೈ ಚಾಚಿ ನಿಂತಿದ್ದ. ಬೆಳ್ಳಗೆ, ದುಂಡಗೆ, ಅತ್ತರಿನ ಘಮ. ಅಜ್ಜನ ಕಾಲದಿಂದ ಮೆಣಸಿನಕಾಯಿ ವ್ಯಾಪಾರದ ಮನೆತನ. ಇವನು ಮೊದಲ ಸಲ ಮಷೀನಿಗೆ ಕೈ ಹಾಕಿದವನು.

ಕಲ್ಲವ್ವನನ್ನು ಕೆಳಗೆ ಗೇಟಿನ ಎದುರಿನ ಗುಲ್‌ಮೊಹರಿನ ನೆರಳಿನಲ್ಲಿ ಕೂರಿಸಿ ಬಂದಿದ್ದ ರಂಜನಾ ಈಗ ರಂಜನಾ ಅಲ್ಲ. ದೇಹೂ ರೋಡಿನ ಒಂದು ನರ್ಸಿಂಗ್ ಹೋಮಿನ ಖರೀದಿ ನೋಡಿಕೊಳ್ಳುವ ಶೈಲಾ.

“ನಮ್ಮ ಡಾಕ್ಟರ್ ಭಾಳ ಸಂಶಯದ ಮನಷ್ಯಾರೀ,” ಎಂದಳು. “ಎರಡೂ ಮಷೀನ್ ಬಾಜೂ ಬಾಜೂ ಇಟ್ಟು ನೋಡಿಕೊಂಡು ಬಾ, ವಿಡಿಯೋ ಮಾಡಿಕೊಂಡು ಬಾ ಅಂದಾರ.”

“ಮಾಡ್ರಿ, ಮಾಡ್ರಿ. ಬಚ್ಚಿಡೂದೇನದ?” ರೋಹಿತ ಬೆಲ್ ಒತ್ತಲು ಹೋದ. “ಸೇಲ್ಸ್‌ನವರನ್ನ ಯಾರನ್ನರೆ ಕರೀತೀನಿ. ಕೈಗಿ ಕಟ್ಟಿ ತೋರಸೋಣು.”

“ಅವರ್ಯಾಕ್ರೀ? ನಮ್ಮ ಕಡೆ ಮೆಣಸಿನಕಾಯಿ ಮಾರಾವ ಗಿರಾಕಿ ಮುಂದ ತಾನ ಮೊದಲ ಕಡದು ತೋರಸ್ತಾನ.”

ಬಾಣ ನಾಟಿತು. ರೋಹಿತ ಗಹಗಹಿಸಿ ನಗುತ್ತ ತೋಳು ಮಡಿಚಿದ. “ನಮ್ಮಜ್ಜನ್ನ ನೋಡೀರೇನು ನೀವು? ಕಣ್ಣಾಗ ನೀರ ಬರ್ತಿದ್ರೂ ‘ಸಪ್ಪಗದ’ ಅಂತಿದ್ದ!”

ಪರೀಕ್ಷೆ ಸರಳ. ಮುಂಗೈಯ ಮಾಂಸದ ಮೇಲೆ ಎರಡೂ ಯಂತ್ರಗಳ ಸೆನ್ಸರ್ ಅಂಟಿಸುವುದು. ಮೇಲೆ ತೋಳಿಗೆ ಬಿಪಿ ನೋಡುವ ಪಟ್ಟಿ ಸುತ್ತಿ ಗಾಳಿ ತುಂಬಿ ಬಿಗಿ ಮಾಡುವುದು. ರಕ್ತ ನಿಲ್ಲುತ್ತದೆ, ಒಳಗಿನ ಆಕ್ಸಿಜನ್ ಇಳಿಯುತ್ತದೆ. ಯಂತ್ರ ನಿಜ ಹೇಳುವುದಾದರೆ ನಂಬರೂ ಇಳಿಯಬೇಕು.

ರಂಜನಾ ಫೋನನ್ನು ನೀರಿನ ಬಾಟಲಿಗೆ ಒರಗಿಸಿ ವಿಡಿಯೋ ಹಚ್ಚಿದಳು. ಪಟ್ಟಿಯ ರಬ್ಬರಿನ ಗುಂಡನ್ನು ತಾನೇ ಕೈಗೆ ತಗೊಂಡಳು. ಹಿಂಡಿದಳು.

“ಇನ್ನೂ ಬಿಗಿ ಮಾಡ್ರಿ. ಅಂಜಬ್ಯಾಡ್ರಿ.”

ಹಿಂಡಿದಳು.

ಹಳೇ ಯಂತ್ರ: ಎಪ್ಪತ್ತು. ಪ್ರಾಣಮಿತ್ರ: ಅರವತ್ತೊಂಬತ್ತು. ಕೊಂಚ ಹೊತ್ತಿಗೆ ಅರವತ್ತು, ಅರವತ್ತೊಂದು. ಆಮೇಲೆ ಐವತ್ತರ ಕೆಳಗೆ ಎರಡೂ ಜೋಡಿ ಎತ್ತಿನ ಹಾಗೆ ಇಳಿದವು.

ರಂಜನಾ ಈ ಯಂತ್ರ ಡಬ್ಬಾ, ಯಾವತ್ತೂ ಒಂದೇ ನಂಬರ್ ತೋರಿಸುವ ಡಬ್ಬಾ ಎಂದುಕೊಂಡು ಬಂದಿದ್ದಳು. ಆದರೆ ಇದು ಚೊಕ್ಕ ನಿಜ ಹೇಳುತ್ತಿದೆ!

“ನೋಡಿದ್ರಿ?” ರೋಹಿತನ ಬೆರಳುಗಳು ಬಿಳುಚಿದ್ದವು, ಮುಖ ಮಾತ್ರ ಅರಳಿತ್ತು. “ಅರ್ಧಾ ರೇಟಿಗಿ ಫಾರಿನ್ ಮಷೀನ್. ಬಿಡ್ರಿ ಇನ್ನ ಪಟ್ಟಿ.”

“ತಡೀರಿ. ನಮ್ಮಲ್ಲಿ ಬರೂವ್ರು ನಿಮ್ಮಂಗ ಬೆಳ್ಳಗಿಲ್ರೀ. ಕಟ್ಟಡಾ ಕೆಲಸದವ್ರು. ಹಣಿತುಂಬಾ ಹಚ್ಚಿ.”

“ಅಯ್ಯ, ಅದಕ್ಕಂತನ ಅಲ್ಲೇನ್ರಿ ನಾ ಈ ಮಷೀನ್ ಮಾಡ್ಸಿದ್ದು?” ಅವನು ಉತ್ಸಾಹದಲ್ಲಿ ನೋವು ಮರೆತ. “ಹಳೇದು ಹಚ್ಚಿ ಕಂಡ್ರ ದಿಕ್ಕ ತಪ್ತದ. ನಮ್ಮದ್ರಾಗ ಬಟನ್ ಅದ. ಹಚ್ಚಿ ಇದ್ದಾಕಿ ಬಂದ್ಲು, ಒತ್ತು. ಮಷೀನ್ ತಾನ ಕೂಡಿಸಿಕೊಂಡು ಹೇಳ್ತದ. ಅಲ್ಲಿ ಎಡಗಡೆ, ಹಳದಿ.”

ರಂಜನಾ ಒತ್ತಿದಳು.

ಹಳೇ ಯಂತ್ರ ಮೂವತ್ತೊಂಬತ್ತರಲ್ಲಿತ್ತು. ಪ್ರಾಣಮಿತ್ರ ನಲವತ್ತರಿಂದ ಐವತ್ತೈದಕ್ಕೆ ಜಿಗಿದು, ಕೆಂಪು ಅಂಕಿ ಹಸಿರಾಗಿ, ಅಲ್ಲೇ ತಣ್ಣಗೆ ಕುಳಿತಿತು.

“ಕೈಯಾಗ ಹನಿ ರಕ್ತ ಹರೀವಲ್ದು,” ಎಂದಳು ರಂಜನಾ. “ನಿಮ್ಮ ಮಷೀನ್ ಆರಾಮ ಅದ ಅಂತದಲ್ರೀ.”

“ಹಚ್ಚಿ ಇಲ್ಲದ ಕೈಗಿ ಒತ್ತಿದ್ರ ಹಂಗ ಆಗೂದ. ಯಾರ ಒತ್ತತಾರ ಹಂಗ?”

“ನೀವ ಒತ್ತೀರಿ. ಯಮನವ್ವನ ಹಣಿಗಿ.”

ರೋಹಿತನ ಬಲಗೈ ಪಟ್ಟಿಯ ಕಡೆಗೆ ಹಾರಿತು. ರಂಜನಾ ಆ ಮಣಿಕಟ್ಟನ್ನು ಹಿಡಿದು ಟೇಬಲ್ಲಿಗೆ ಒತ್ತಿದಳು. ಇನ್ಶೂರೆನ್ಸ್ ಕಂಪನಿಯಲ್ಲಿ ವರ್ಷಗಟ್ಟಲೆ ಸುಳ್ಳು ಕ್ಲೇಮು ಹಿಡಿದವಳ ಹಿಡಿತ. ಇನ್ನೊಂದು ಕೈ ರಬ್ಬರ್ ಗುಂಡನ್ನು ಹಿಂಡಿತು. ಮತ್ತೊಮ್ಮೆ. ಮತ್ತೊಮ್ಮೆ.

“ಏ! ಯಾರ ನೀ?”

“ಜೈಭೀಮನ ಕಡಿಯಾಕಿ. ಸೆನ್ಸರ್ ಅಂಟಿಸಿದವರು ಯಾರು?”

“ಬಿಡು! ಕೈ ಸತ್ತ ಹೋಗ್ತದ!”

“ಹಸಿರ ಅದಲ್ಲ ನಂಬರ್? ಆರಾಮ ಇರ್ರಿ. ಯಾರು ಅಂಟಿಸಿದ್ರು?”

“ನಾನ! ಟ್ರಯಲ್ ನಂದು, ನಾನ ಅಂಟಸ್ತೀನಿ!”

“ಹಣಿ ನೋಡೀರಿ ಹಂಗಾರ. ಹಚ್ಚಿ ಇತ್ತ?”

ರೋಹಿತ ಹಲ್ಲು ಕಚ್ಚಿದ. ಅವನ ಬೆರಳುಗಳು ಈಗ ನೇರಳೆಗಟ್ಟಿದ್ದವು. ರಂಜನಾ ಅವನ್ನೇ ನೋಡುತ್ತ ಮತ್ತೆ ಹಿಂಡಿದಳು. ಅವಳಿಗೆ ಇದು ಖುಷಿ ಕೊಡುತ್ತಿತ್ತು, ಸುಳ್ಳೇಕೆ.

“ಇರ್ಲಿಲ್ಲ! ಬರೇ ಹಣಿ! ಸಾಕೇನು?”

“ಇಲ್ಲ. ಮತ್ಯಾಕ ಒತ್ತಿದ್ರಿ?”

“ಹಚ್ಚಿ ಪೇಷಂಟ್ ಒಬ್ಬಾಕಿ ಕಡಿಮಿ ಬಿದ್ದಿದ್ಲು! ಟ್ರಯಲ್‌ಗಿ ಇಷ್ಟು ಮಂದಿ ಹಚ್ಚಿಯವ್ರು ಬೇಕು ಅಂತ ಇರ್ತದ. ಆಮ್ಯಾಲ ಎಲ್ಲಾ ಆಸ್ಪತ್ರಿಗಿ ಹೋಗೂದದ ಮಷೀನ್. ಫೈಲ್‌ನಾಗ ಹಚ್ಚಿ ಅಂತ ಬರದಿತ್ತು, ಹಣಿ ಮ್ಯಾಲ ಕಾಣ್ಲಿಲ್ಲ. ಫೈಲ್‌ನಾಗ ಅದ ಅಂದ ಮ್ಯಾಲ ಮುಗೀತು, ಒತ್ತಿದೆ. ಮ್ಯಾಲ ಟೋಪಿ ಎಳದೆ. ಯಾರ ನೋಡ್ತಾರ?”

“ಹಳೇ ಮಷೀನ್ ನಲವತ್ತೊಂದು ಅಂತ ಒದರಲಿಕ್ಕತ್ತಿತ್ತು.”

“ಅದು ತಪ್ಪು ತೋರಸ್ತದ ಅಂತ ತೋರಿಸೂದ ನನ್ನ ಟ್ರಯಲ್!” ಅವನ ದನಿ ಕೀರಲಾಯಿತು. “ನಲವತ್ತೊಂದು ಖರೇ ಅಂತ ಒಪ್ಪಿದ್ರ ನನ್ನ ಮಷೀನ್ ಸಾಯ್ತಿತ್ತು!”

“ಅದಕ್ಕ ಆಕೀನ ಸಾಯಿಸಿದ್ರಿ.”

“ಫುಕಟ್ ಆಪರೇಷನ್ ಅದು! ನಾ ಇರ್ಲಿಲ್ಲಂದ್ರ ಆ ಹೆಂಗಸು ಫುಟ್‌ಪಾತ್ ಮ್ಯಾಲ ಸಾಯ್ತಿದ್ಲು. ಎಸಿ ರೂಮಿನ್ಯಾಗ ಸತ್ಲು. ಅಷ್ಟ ಫರಕ!”

ರಂಜನಾ ಪಟ್ಟಿಯ ತಿರುಪು ಬಿಚ್ಚಿದಳು. ಗಾಳಿ ಸುಯ್ಯೆಂದಿತು. ರಕ್ತ ವಾಪಸು ನುಗ್ಗುವಾಗಿನ ಉರಿಗೆ ರೋಹಿತ ಕುರ್ಚಿಯಲ್ಲೇ ಮುದ್ದೆಯಾದ. ಫೋನು ತೆಗೆದು ಚೀಲಕ್ಕೆ ಹಾಕಿಕೊಂಡು ಅವಳು ಬಾಗಿಲಿಗೆ ನಡೆದಳು. ಗೆದ್ದೆ! ನಾಳೆ ವಕೀಲರ ಕೈಗೆ ಈ ವಿಡಿಯೋ ಕೊಟ್ಟರೆ...

“ಕುಣೀಬ್ಯಾಡ್ರಿ ಮ್ಯಾಡಮ್.”

ಹಿಂದಿನಿಂದ ಬಂದ ದನಿಯಲ್ಲಿ ಅಳು ಇರಲಿಲ್ಲ. ರೋಹಿತ ತೋಳು ಉಜ್ಜಿಕೊಳ್ಳುತ್ತಿದ್ದ. ಕಣ್ಣಂಚಿನಲ್ಲಿ ನೀರಿತ್ತು, ತುಟಿಯಲ್ಲಿ ನಗು.

“ಫೈಲ್ ನಾ ಬರದಿಲ್ಲ. ಹೆಸರು ಹಚ್ಚೂ ಕೌಂಟರ್‌ನಾಗ ಪೇಷಂಟ್‌ನ ಎದುರಿಗಿ ನಿಲ್ಲಿಸಿ ಗುರುತಿನ ಚಿಹ್ನಿ ಬರಕೋತಾರ, ಫೋಟೋ ತಗೀತಾರ. ಅಲ್ಲಿ ನಿಂತ ಯಮನವ್ವಗ ಹಚ್ಚಿ ಇತ್ತು. ನನ್ನ ಟೇಬಲ್ ಮ್ಯಾಲ ಮಲಗಿದ ಯಮನವ್ವಗ ಇರ್ಲಿಲ್ಲ. ಹಚ್ಚಿ ಏನ್ ಕುಂಕುಮರೀ, ಒರಸಿದ್ರ ಹೋಗಾಕ?”

ರಂಜನಾಳ ಕೈ ಬಾಗಿಲಿನ ಹಿಡಿಕೆಯ ಮೇಲೆಯೇ ನಿಂತಿತು.

“ಆಗ ನನಗ್ಯಾಕ ಬೇಕಿತ್ತು, ಸುಮ್ಮನಿದ್ದೆ. ಈಗ ನೀವ ವಿಚಾರ ಮಾಡ್ರಿ. ನಿಂತಾಕಿ ಬ್ಯಾರೆ, ಮಲಗಿದಾಕಿ ಬ್ಯಾರೆ. ಹಂಗಾರ ನಿಂತಾಕಿ ಎಲ್ಲಿ ಹೋದ್ಲು?”

*

ಲಿಫ್ಟಿಗೆ ಕಾಯದೆ ಮೆಟ್ಟಿಲಿಳಿದಳು ರಂಜನಾ. ಗೇಟು ದಾಟಿದಳು. ಗುಲ್‌ಮೊಹರಿನ ಕೆಳಗೆ, ಬೆನ್ನು ಈ ಕಡೆ ಮಾಡಿ, ಕಲ್ಲವ್ವ ಕುಳಿತಿದ್ದಳು.

ರಂಜನಾ ಹತ್ತಿರ ಹೋಗಲಿಲ್ಲ. ನಿಂತಲ್ಲಿಂದಲೇ ಕೂಗಿದಳು.

“ಯಮನವ್ವ!”

ಆಕೆ ತಟ್ಟನೆ ತಿರುಗಿದಳು. “ಆಂ?”

ಆಮೇಲೆ ಆಕೆಯ ಮುಖದಲ್ಲಿ ಏನಾಯಿತೋ ಅದನ್ನು ನೋಡುವುದು ಕಷ್ಟವಿತ್ತು. ರಂಜನಾ ಹೋಗಿ ಎದುರು ಕುಕ್ಕರಗಾಲಲ್ಲಿ ಕುಳಿತು ಸೆರಗನ್ನು ಹಿಂದಕ್ಕೆ ಸರಿಸಿದಳು. ಎಡ ಹುಬ್ಬಿನ ಮೇಲೆ ಹಸಿರು ಅರ್ಧಚಂದ್ರ. ಅದರ ಮೇಲೆ ಮೂರು ಚುಕ್ಕೆ.

“ಜೈಭೀಮ ಯಾರ ಮಗ?” ಎಂದು ಕೇಳಿದಳು, ಗೊತ್ತಿದ್ದೂ.

“ನನ್ನ ಮಗಾನ್ರೀ ಯವ್ವಾ. ನನ್ನ ಹೊಟ್ಟೀಲೆ ಹುಟ್ಟಿದಾವ.” ಆಕೆ ಬಾಯಿಗೆ ಸೆರಗು ಒತ್ತಿಕೊಂಡಳು. “ಸತ್ತಾಕಿ ನನ್ನ ತಂಗಿ. ಕಲ್ಲವ್ವ ಆಕಿ.”

“ಫುಕಟ್ ಆಪರೇಷನ್ನಿನ ಕಾರ್ಡಿಗಿ ಹಿಂಗ ಮಾಡೀರೇನು?”

“ಆಕಿಗಿ ಇಲ್ಲಿ ರೇಷನ್ ಕಾರ್ಡ್ ಇದ್ದಿದ್ದಿಲ್ರೀ. ಊರಿಂದ ಬಂದು ವರ್ಷಾನೂ ಆಗಿದ್ದಿಲ್ಲ, ಹಿಂದ ಮುಂದ ಯಾರೂ ಇಲ್ಲ. ಇಟ್ಟಂಗಿ ಹೊತ್ತು ನಾಕ ಮೆಟ್ಟಲಾ ಏರಿದ್ರ ತುಟಿ ನೀಲಿ ಆಗ್ತಿತ್ತು. ಇಲ್ಲಿ ಕಾರ್ಡ್ ಇದ್ದವ್ರಿಗಷ್ಟ ಫುಕಟ್ ಆಪರೇಷನ್. ಜೈಭೀಮ ಅಂದ, ಅವ್ವಾ, ನಿನ್ನ ಕಾರ್ಡ್ ಮ್ಯಾಲ ಚಿಗವ್ವನ್ನ ಮಲಗಸೋಣು, ಇಬ್ರ ಮುಖಾನೂ ಒಂದ ಥರ ಅದಾವು ಅಂದ. ಕೌಂಟರ್‌ನಾಗ ನಾ ನಿಂತು ಹೆಬ್ಬೆಟ್ಟ ಒತ್ತಿ ಬಂದೆ. ಒಳಗ ಆಕಿ ಹೋದ್ಲು. ಎಲ್ಲಾರೂ ಮಾಡ್ತಾರ್ರೀ ನಮ್ಮಲ್ಲಿ, ಅಕ್ಕನ ಕಾರ್ಡ್ ತಂಗಿಗಿ, ನೆಗೆಣ್ಣಿ ಕಾರ್ಡ್ ನೆಗೆಣ್ಣಿಗಿ. ಹಣಿ ಮ್ಯಾಲ ಸಾವ ಅದ ಅಂತ ಯಾರಿಗಿ ಗೊತ್ತು?”

ರಂಜನಾಗೆ ಉಳಿದದ್ದು ತಾನಾಗಿ ಹೊಳೆಯಿತು. ಹೊಳೆಯದಿದ್ದರೆ ಚೆನ್ನಾಗಿತ್ತು. ಆ ಥಿಯೇಟರಿನಲ್ಲಿ ಇನ್ನೊಬ್ಬನಿಗೂ ಗೊತ್ತಿತ್ತು, ಮಲಗಿದವಳಿಗೆ ಹಚ್ಚೆ ಇಲ್ಲ ಎಂದು.

“ಜೈಭೀಮ ಯಾಕ ಬಾಯಿ ಬಿಡ್ಲಿಲ್ಲ?”

“ಹಚ್ಚಿ ಇಲ್ರೀ ಅಂದ್ರ, ಹಂಗಾರ ಇಕಿ ಯಾರು ಅಂತಿದ್ರು. ನೌಕರಿ ಹೋಗ್ತಿತ್ತು, ಆಕೀನ ಅರ್ಧಾ ಕೊಯ್ದಲ್ಲೇ ಬಿಟ್ಟು ಹೊರಗ ಹಾಕಿದ್ರ ಅಂತ ಅಂಜಿದ. ಒಮ್ಮೆ ಪಂಪ್ ಏರಸ್ಲಾ ಅಂತ ಕೇಳ್ದ. ಬ್ಯಾಡ ಅಂದ್ರು. ಕುಂತ ಬಿಟ್ಟ. ಪಂಪ್ ತಿರುವುತ್ತ ಕುಂತ ಬಿಟ್ಟ.” ಆಕೆ ಅಂಗೈಯಿಂದ ಎದೆಗೆ ಗುದ್ದಿಕೊಂಡಳು. “ನನ್ನ ಹೆಸರಿನ ಹೆಣಕ್ಕ ನಾನ ಮಣ್ಣ ಹಾಕಿ ಬಂದೇನ್ರೀ. ನನ್ನ ತಂಗಿ ಹೆಸರ ಹಿಡದು ಅಳಾಕ ಸೈತ ಬರಲಿಲ್ಲ. ಜೈಲಿನ್ಯಾಗ ಮಗ ನನಗ ಚಿಗವ್ವ ಅಂತಾನ.”

“ನಾಳೆ ಕೋರ್ಟಿಗಿ ಬಂದು ನಾ ಜೀವಂತ ಅದೀನಿ ಅಂತ ಹೇಳ್ರಿ. ತಾಯಿ ಖೂನಿ ಕೇಸ್ ಅಲ್ಲೇ ಬಿದ್ದ ಹೋಗ್ತದ.”

“ಮತ್ತ ಚಿಗವ್ವನ ಖೂನಿ ಹತ್ತೂದಿಲ್ಲೇನ್ರೀ ಅವನಿಗಿ?”

ರಂಜನಾಳ ಹಿಂದೆ ಚಪ್ಪಾಳೆ ಕೇಳಿಸಿತು. ನಿಧಾನದ ಚಪ್ಪಾಳೆ, ಒಂದು ಕೈ ಇನ್ನೂ ಸರಿಯಾಗಿ ಏಳುತ್ತಿರಲಿಲ್ಲ.

“ಹತ್ತತದರೀ ಯಮನವ್ವಾರ. ಚಲೋತ್ನ್ಯಾಗ ಹತ್ತತದ,” ಎಂದ ರೋಹಿತ ಬಾಳಿಕಾಯಿ. ಅವನ ಹಿಂದೆ ಕಪ್ಪು ಕಾರು ಬಂದು ನಿಂತಿತ್ತು, ಎಂಜಿನ್ ಚಾಲೂ ಇತ್ತು. “ಸುಳ್ಳ ಕಾರ್ಡ್ ಮ್ಯಾಲ ಬ್ಯಾರೆ ಹೆಂಗಸನ್ನ ತಂದು ಮಲಗಿಸಿದಾವ ನಿಮ್ಮ ಮಗ. ಹಚ್ಚಿ ಇಲ್ಲ ಅಂತ ಗೊತ್ತಿದ್ದೂ ಸುಮ್ಮ ಕುಂತಾವ ನಿಮ್ಮ ಮಗ. ಮ್ಯಾಡಮ್ ಮಾಡಿದ ವಿಡಿಯೋ ಕೋರ್ಟಿಗಿ ಹೋಗ್ಲಿ. ಮೊದಲ ಕೇಳೂ ಪ್ರಶ್ನಿ ಅದ.”

“ಈತನ ಮಾತ ಕೇಳಬ್ಯಾಡ್ರಿ,” ಎಂದಳು ರಂಜನಾ.

“ಕೇಳಬ್ಯಾಡ್ರಿ. ನೋಡ್ರಿ ಸಾಕು.” ಅವನು ಬಗ್ಗಿ, ಮನೆಯ ಹಿರಿಯರ ಜೊತೆ ಮಾತಾಡುವ ಹಾಗೆ ದನಿ ತಗ್ಗಿಸಿದ. “ನೀವು ಸತ್ತೀರಿ. ಹಂಗ ಸತ್ತ ಇರ್ರಿ. ಆಸ್ಪತ್ರಿಯವ್ರು ನನ್ನ ಮಾತ ಕೇಳ್ತಾರ. ಪಂಪ್ ಕೆಟ್ಟಿತ್ತು, ಹುಡುಗನ ತಪ್ಪಿಲ್ಲ ಅಂತ ಇವತ್ತ ಸಂಜೀಕ ಬರಕೊಡ್ತಾರ. ನಾಳೆ ಮಗ ಮನಿಗಿ ಬರ್ತಾನ. ನೀವು ಕಲ್ಲವ್ವ ಆಗಿ ಅವನಿಗಿ ರೊಟ್ಟಿ ಮಾಡಿ ಹಾಕ್ರಿ. ಏನ್ ಕಷ್ಟ ಅದರಾಗ?”

“ಮತ್ತ ನಿಮ್ಮ ಮಷೀನ್ ಊರೆಲ್ಲಾ ಹೋಗ್ತದ,” ಎಂದಳು ರಂಜನಾ. “ಇವರಂಥಾವ್ರ ಹಣಿಗೆಲ್ಲಾ ಹಳದಿ ಬಟನ್.”

“ಅದು ನಿಮ್ಮ ಚಿಂತಿ. ಈ ತಾಯಿ ಚಿಂತಿ ಒಬ್ಬ ಮಗಂದು.” ರೋಹಿತ ಕಾರಿನ ಬಾಗಿಲು ತೆಗೆದು ಹಿಡಿದ. “ವಕೀಲರು ಯೆರವಡಾದಾಗ, ಜೈಲಿನ ಮಗ್ಗಲದಾಗ ಅದಾರ. ಒಂದು ಹೆಬ್ಬೆಟ್ಟು ಹಾಕಿ ಬರೂದು, ಅಷ್ಟ. ಬರ್ರಿ.”

ಯಮನವ್ವ ಎದ್ದಳು. ಮೊಣಕಾಲಿನ ಧೂಳು ಝಾಡಿಸಿಕೊಂಡಳು.

“ಹತ್ತಬ್ಯಾಡ್ರಿ.” ರಂಜನಾ ಆಕೆಯ ತೋಳು ಹಿಡಿದಳು. “ಬ್ಯಾರೆ ದಾರಿ ಹುಡುಕ್ತೀನಿ. ಒಂದ ದಿನಾ ಕೊಡ್ರಿ.”

ಆಕೆ ರಂಜನಾಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಸಿಮೆಂಟು ಕಲಸಿ ಕಲಸಿ ಗಟ್ಟಿಯಾದ ಕೈ.

“ಅಕ್ಕಾರ, ನಿಮ್ಮ ಕಡೆ ಬಂದಾಕಿ ಕಲ್ಲವ್ವ. ಆಕಿ ಸತ್ತಾಳ. ಸತ್ತಾಕಿ ಕೆಲಸ ಬಿಟ್ಟ ಬಿಡ್ರಿ.”

ಕಾರಿನ ಬಾಗಿಲು ಮುಚ್ಚಿತು. ರೋಹಿತ ಮುಂದಿನ ಸೀಟಿನಲ್ಲಿ ಕುಳಿತು, ಕಪ್ಪು ಗಾಜು ಏರುವ ಮೊದಲು, ರಂಜನಾಗೆ ನೋಯುವ ಕೈಯನ್ನೇ ಎತ್ತಿ ಟಾಟಾ ಮಾಡಿದ.

ಕಾರು ಹೊರಟಿತು. ರಂಜನಾ ಅಲ್ಲೇ ನಿಂತಿದ್ದಳು. ವಿಡಿಯೋ ಚೀಲದಲ್ಲಿತ್ತು. ಕೊಟ್ಟರೆ ಜೈಭೀಮ ಮುಳುಗುತ್ತಾನೆ. ಕೊಡದಿದ್ದರೆ ಇನ್ನೆಷ್ಟು ಹಣೆಗಳೋ. ರೋಹಿತ ಯಾಕಿಷ್ಟು ಧೈರ್ಯವಾಗಿ, ಹಾಡಹಗಲು, ಎಲ್ಲರ ಕಣ್ಣೆದುರು ಆಕೆಯನ್ನು ಕರೆದುಕೊಂಡು ಹೋದ?

ಆಗ ಅವಳಿಗೆ ಹೊಳೆಯಿತು.

ಒಂದು ಹೆಸರು ಕಾಗದದಲ್ಲಿ ಸತ್ತಿದೆ. ಇನ್ನೊಂದು ಹೆಸರು ಮಣ್ಣಿನಲ್ಲಿದೆ. ಆ ಕಾರಿನಲ್ಲಿ ಕುಳಿತ ಹೆಂಗಸಿಗೆ ಈಗ ಹೆಸರೇ ಇಲ್ಲ. ಆಕೆ ವಾಪಸು ಬರದಿದ್ದರೆ ಯಾವ ಹೆಸರಿನಲ್ಲಿ ಕಂಪ್ಲೇಂಟ್ ಬರೆಸುವುದು? ಆಗಲೇ ಸತ್ತವಳನ್ನು ಕೊಂದರೆ ಯಾವ ಪೊಲೀಸು ಬರುತ್ತಾನೆ?

“ರಿಕ್ಷಾ!” ಎಂದು ಚೀರುತ್ತ ರಸ್ತೆಗೆ ಓಡಿದಳು.

ದೂರದಲ್ಲಿ ನಗರ ರೋಡಿನ ಸಿಗ್ನಲ್ ಹಸಿರಾಯಿತು. ಯೆರವಡಾಕ್ಕೆ ಹೋಗುವವರು ಅಲ್ಲಿ ಬಲಕ್ಕೆ ತಿರುಗಬೇಕು.

ಕಪ್ಪು ಕಾರು ಎಡಕ್ಕೆ ತಿರುಗಿತು.